ಸಮೀಕರಣದ ನಡುವೆ ನಿಂತ ಬಾಣದವರಿಗೆ

ರಸಾಯನಶಾಸ್ತ್ರದ ಪುಸ್ತಕಗಳಲ್ಲಿ ಪ್ರತಿಯೊಂದು ಸಮೀಕರಣದ ನಡುವೆಯೂ ಬಿಸಿಲು ಮಳೆಯೆನ್ನದೆ ನಿಂತು, ಎಡಗಡೆ ಬಂದವರನ್ನೆಲ್ಲ ಬಲಗಡೆಗೆ ಸಾಗಹಾಕುತ್ತಿರುವ ಮಾನ್ಯ ಬಾಣದ ಗುರುತಿನವರ ಸನ್ನಿಧಿಗೆ, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಎಡಬಾಗಿಲಲ್ಲಿ ನಿಂತು ಕೆಲಸ ಮಾಡುವವಳ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ತಮ್ಮ ಎಡಬಲಗಳಲ್ಲಿ ಏನೇ ಹೊಗೆಯೆದ್ದರೂ, ಏನೇ ಸಿಡಿದರೂ ತಮ್ಮ ಮೈಗೆ ಒಂದು ಮಸಿಯ ಚುಕ್ಕೆಯೂ ಅಂಟಿದ್ದನ್ನು ನಾನು ಯಾವ ಪುಟದಲ್ಲೂ ಕಂಡಿಲ್ಲ. ನನ್ನ ಕ್ಷೇಮದ ವಿಷಯ ಕೇಳಬೇಡಿ. ಮೊನ್ನೆ ಮಧ್ಯಾಹ್ನ ಪಾಠದ ಪುಸ್ತಕವನ್ನು ಎದೆಯ ಮೇಲೆ ಮಗುಚಿಕೊಂಡು ಒಂದು ಗಳಿಗೆ ಕಣ್ಣು ಮುಚ್ಚಿದ್ದೇ ತಡ, ತಾವು ಕನಸಿನಲ್ಲಿ ಬಂದಿರಿ. ನಮ್ಮ ಮನೆಯವರೆಲ್ಲ ತಮ್ಮ ಎಡಗಡೆ ಸಾಲಾಗಿ ನಿಂತಿದ್ದೆವು. ಮೊದಲು ನಮ್ಮ ಯಜಮಾನರು ದಾಟಿದರು, ಆಮೇಲೆ ಮಗಳು, ಅವಳ ಹಿಂದೆ ಅಲ್ಯುಮಿನಿಯಂ ಪಾತ್ರೆಯೊಂದನ್ನು ಸೊಂಟಕ್ಕೆ ಅವುಚಿಕೊಂಡು ನಮ್ಮ ಅತ್ತೆ. ನನ್ನ ಸರದಿ ಬಂದಾಗ ತಾವು ಅಡ್ಡ ನಿಂತು, ಬಲಗಡೆ ಲೆಕ್ಕ ಸರಿದೂಗಿದೆ, ನೀನು ಹೆಚ್ಚಾಗಿ ಉಳಿದ ಪದಾರ್ಥ, ಇಲ್ಲೇ ಇರು ಎಂದಿರಿ. ನಾನು ಈ ಮನೆಯವಳೇ ಸ್ವಾಮೀ ಎಂದು ಗೋಗರೆಯುತ್ತಿದ್ದರೆ, ಆ ಕಡೆಯಿಂದ ಅತ್ತೆ ತಮಗೆ, "ನೀವ್ ತಲೆ ಕೆಡಿಸ್ಕೋಬೇಡಿ, ಅವಳು ಗ್ಯಾಸ್ ಆಫ್ ಆಗಿದೆಯಾ ಅಂತ ನೋಡ್ಕೊಂಡು ಆಮೇಲೆ ಬರ್ತಾಳೆ" ಎಂದು ಸಮಾಧಾನ ಹೇಳುತ್ತಿದ್ದರು. ಬೆವೆತು ಎದ್ದೆ. ಎದ್ದವಳು ಮಾಡಿದ ಮೊದಲ ಕೆಲಸ, ನಾಚಿಕೆ ಬಿಟ್ಟು ಹೇಳುತ್ತೇನೆ, ಗ್ಯಾಸ್ ಆಫ್ ಆಗಿದೆಯೋ ಎಂದು ನೋಡಿದ್ದು.

ಈ ಪತ್ರವನ್ನು ನಾನು ಮೌಖಿಕ ಪರೀಕ್ಷೆಯ ಕೋಣೆಯ ಹೊರಗೆ, ಒಂದು ಕಾಲು ಕುಂಟುವ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಒಳಗೆ ಬೇರೆ ಊರಿನಿಂದ ಬಂದ ಪರೀಕ್ಷಕರಿದ್ದಾರೆ. ನನ್ನ ಮಡಿಲಲ್ಲಿ ಕಾಗದ ಸುತ್ತಿದ ಒಂದು ಸೋಪಿದೆ. ಅದನ್ನು ನಾನೇ ಮಾಡಿದ್ದು, ಅದು ಹೇಗೆ ಸೋಪಾಯಿತು ಎಂದು ನಾನೇ ವಿವರಿಸಬೇಕು. ವಿವರಿಸಿದರೆ ಪಾಸು. ಪಾಸಾದರೆ ನಾನು ಬಲಬಾಗಿಲಿಗೆ.

ತಮಗೆ ನಮ್ಮ ವಿಭಾಗದ ಪರಿಚಯ ಇಲ್ಲದಿರಬಹುದು. ನಮ್ಮಲ್ಲಿ ಒಗೆಯುವ ಯಂತ್ರಗಳು ಒಂದು ಗೋಡೆಯೊಳಗೆ ಕೂತಿವೆ, ಪ್ರತಿಯೊಂದಕ್ಕೂ ಎರಡು ಬಾಗಿಲು. ಎಡಬಾಗಿಲಿಂದ ವಾರ್ಡುಗಳ ಕೊಳೆ ಬಟ್ಟೆ ಒಳಗೆ, ಬಲಬಾಗಿಲಿಂದ ಒಗೆದ ಬಟ್ಟೆ ಹೊರಗೆ. ಎಡಗಡೆಯವರು ಬಲಗಡೆಗೆ ಕಾಲಿಡಬೇಕಾದರೆ ಸ್ನಾನ ಮಾಡಿ ಉಡುಪು ಬದಲಿಸಬೇಕು. ಬಟ್ಟೆಯಂತೂ ಬಲಗಡೆಯಿಂದ ಎಡಗಡೆಗೆ ಆ ಬಾಗಿಲಲ್ಲಿ ಎಂದೂ ಬರುವಂತಿಲ್ಲ. ಒಳಹೋಗುವಾಗ ಎಷ್ಟು ಹೊದಿಕೆ, ಎಷ್ಟು ದಿಂಬಿನ ಚೀಲ ಎಂದು ಎಣಿಸುವವಳು ನಾನು. ಹೊರಬರುವಾಗ ಎಣಿಸುವವರು ಬಲಗಡೆಯ ಮೇಲ್ವಿಚಾರಕಿ, ನಾವೆಲ್ಲ ದೊಡ್ಡಮ್ಮ ಎಂದು ಕರೆಯುವವರು. ದೊಡ್ಡಮ್ಮ ಈ ವರ್ಷ ನಿವೃತ್ತರಾಗುತ್ತಾರೆ. ಆ ಕುರ್ಚಿಗೆ ವಿಜ್ಞಾನ ವಿಷಯದಲ್ಲಿ ಪಾಸಾದವರೇ ಬೇಕಂತೆ. "ಪಾಸ್ ಮಾಡ್ಕೊಂಡ್ ಬಾರೇ, ಕುರ್ಚಿ ಬೆಚ್ಚಗೆ ಇಟ್ಟಿರ್ತೀನಿ" ಎಂದು ಗೋಡೆಯ ಗಾಜಿನ ಕಿಂಡಿಯಿಂದ ದಿನವೂ ಕೂಗುತ್ತಾರೆ. ಇಷ್ಟು ವರ್ಷ ಎಡಬಾಗಿಲಲ್ಲಿ ರಕ್ತ, ಕೀವು, ವಾಂತಿಗಳನ್ನು ಮಡಿಸಿ ಒಳತಳ್ಳಿದ ನನಗೆ, ಬಿಸಿಯಾಗಿ ಹೊರಬೀಳುವ ಒಗೆದ ಹೊದಿಕೆಯ ವಾಸನೆಯನ್ನು ಒಮ್ಮೆ ಕಿಂಡಿಯ ಆ ಕಡೆ ನಿಂತು ಮೂಸಬೇಕೆಂಬ ಆಸೆ. ಅಷ್ಟೇ ಆಸೆ, ಮಾನ್ಯರೇ. ಅದಕ್ಕಾಗಿಯೇ ತಮ್ಮ ಸಹವಾಸ ಮಾಡಿದ್ದು.

ನನ್ನ ವಿದ್ಯಾಭ್ಯಾಸದ ಬಗ್ಗೆಯೂ ಒಂದು ಮಾತು ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮಪ್ಪ ಕಟ್ಟಡ ಕಟ್ಟುವ ಮೇಸ್ತ್ರಿಯಾಗಿದ್ದುದರಿಂದ, ಒಂದೊಂದು ಕಟ್ಟಡಕ್ಕೂ ತಾರಸಿಯ ಕಾಂಕ್ರೀಟು ಬಿದ್ದ ಕೂಡಲೇ ನಮ್ಮ ಗಂಟುಮೂಟೆ ಏಳುತ್ತಿತ್ತು. ಹೀಗಾಗಿ ಆಮ್ಲಗಳ ಪಾಠವನ್ನು ನಾನು ಮೂರು ಬೇರೆ ಬೇರೆ ಶಾಲೆಗಳಲ್ಲಿ ಬಹಳ ಚೆನ್ನಾಗಿ ಕೇಳಿದ್ದೇನೆ. ಪ್ರತ್ಯಾಮ್ಲಗಳಿಗೆ ಬರುವಷ್ಟರಲ್ಲಿ ಪ್ರತಿ ಸಲವೂ ತಾರಸಿ ಬಿತ್ತು. ಆಮೇಲೆ ಅಮ್ಮ ಹಾಸಿಗೆ ಹಿಡಿದಳು, ಶಾಲೆಯೇ ನಿಂತಿತು. ನಿಂಬೆಹುಳಿಯಲ್ಲಿ ಆಮ್ಲವಿದೆ ಎಂಬುದನ್ನು ನಾನು ನಿದ್ದೆಯಲ್ಲೂ ಹೇಳಬಲ್ಲೆ. ಅದರ ಎದುರು ಪಕ್ಷದವರು ಯಾರೆಂಬುದು ಮಾತ್ರ ಹೋದ ವರ್ಷದವರೆಗೆ ನನಗೆ ಗುಟ್ಟಾಗಿಯೇ ಉಳಿದಿತ್ತು.

ಸಂಜೆ ತರಗತಿಗೆ ಸೇರಿದ ಹೊಸದರಲ್ಲಿ ತಮ್ಮನ್ನು ಕಂಡು ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲಾರೆ. ಎಡಗಡೆ ಇದ್ದಷ್ಟೇ ಪರಮಾಣು ಬಲಗಡೆಯೂ ಇರಬೇಕು, ಯಾರೂ ಕಳೆದುಹೋಗುವಂತಿಲ್ಲ, ಯಾರೂ ಹೊಸದಾಗಿ ನುಸುಳುವಂತಿಲ್ಲ, ಜೊತೆ ಮಾತ್ರ ಬದಲಾಗಬಹುದು ಎಂದು ಟೀಚರ್ ಹೇಳಿದಾಗ, ಇದು ನಮ್ಮ ವಿಭಾಗವೇ ಅಲ್ಲವೇ ಎಂದು ಎದ್ದು ನಿಂತುಬಿಟ್ಟೆ. ದಿಂಬಿನ ಚೀಲ ಹೊದಿಕೆಯ ಮಡಿಕೆಯೊಳಗೆ ಸಿಕ್ಕಿಕೊಂಡು ಬಂದರೂ ಅದು ಲೆಕ್ಕಕ್ಕೆ ಬರಲೇಬೇಕು. ದಿನವೂ ಬೀಗ, ನಲ್ಲಿ, ಗ್ಯಾಸು, ಮಗಳು, ಎಲ್ಲವನ್ನೂ ಮತ್ತೆ ಮತ್ತೆ ಎಣಿಸಿ ನೋಡಿ ಮನೆಮಂದಿಯ ನಗೆಪಾಟಲಿಗೀಡಾದ ನನಗೆ, ಇಡೀ ಲೋಕವೇ ಹೀಗೆ ಎಣಿಸಿ ನೋಡುವವರ ಮೇಲೆ ನಿಂತಿದೆ ಎಂದು ತಿಳಿದು ಕಣ್ಣು ತುಂಬಿ ಬಂತು. ಮಗಳು ಮಾತ್ರ ನಾನು ಒಂದೇ ಸಮೀಕರಣವನ್ನು ಮತ್ತೆ ಮತ್ತೆ ಎಣಿಸುವುದನ್ನು ನೋಡಿ, "ಅಮ್ಮಾ, ನೀನು ಓದ್ತಿದೀಯೋ, ಕಳ್ಳನ್ನ ಹಿಡೀತಿದೀಯೋ" ಎಂದಳು.

ಹೀಗೆ ತಮ್ಮ ಮೇಲೆ ಪೂರ್ಣ ವಿಶ್ವಾಸವಿಟ್ಟು ನಾನು ಸೋಪಿನ ಸಮೀಕರಣಕ್ಕೆ ಕೈಹಾಕಿದೆ. ತಮ್ಮ ಎಡಗಡೆ ಎಣ್ಣೆ ಒಂದು, ಕಾಸ್ಟಿಕ್ ಸೋಡಾದ ಹಿಂದೆ ಮೂರು ಎಂಬ ಅಂಕಿ. ಬಲಗಡೆ ಗ್ಲಿಸರಾಲ್ ಒಂದು, ಸೋಪು ಮೂರು. ಇಷ್ಟು ಸ್ಪಷ್ಟವಾಗಿ ಬರೆದಿರುವಾಗ ಇನ್ನೊಬ್ಬರನ್ನು ಕೇಳುವುದೇಕೆ? ಒಂದು ಲೋಟ ಎಣ್ಣೆ, ಮೂರು ಲೋಟ ಕಾಸ್ಟಿಕ್ ಸೋಡಾ. ಚರಂಡಿ ಕಟ್ಟಿಕೊಂಡರೆ ಸುರಿಯುವ ಆ ಸೋಡಾವನ್ನು ಮೂರು ಲೋಟ ಅಳೆಯುವಾಗ ನನಗೆ ಸ್ವಲ್ಪ ಅಳುಕಾದದ್ದು ನಿಜ. ಆದರೆ ಪುಸ್ತಕದಲ್ಲಿ ತಾವು ಎಷ್ಟು ನೆಟ್ಟಗೆ ನಿಂತಿದ್ದಿರೆಂದರೆ, ಅನುಮಾನಿಸುವುದು ಅವಿನಯವೆನಿಸಿತು. ಯಾವ ಪಾತ್ರೆಯೆಂದು ತಾವು ಎಲ್ಲೂ ತಿಳಿಸಿರಲಿಲ್ಲವಾದ್ದರಿಂದ, ನಮ್ಮ ಅತ್ತೆ ತವರಿನಿಂದ ತಂದು ಇಷ್ಟು ಕಾಲ ಜೋಪಾನ ಮಾಡಿಕೊಂಡು ಬಂದ ಅಲ್ಯುಮಿನಿಯಂ ಪಾತ್ರೆಯನ್ನು ಹಿತ್ತಲಿಗೆ ಒಯ್ದೆ.

ಅಲ್ಯುಮಿನಿಯಂ ಕೂಡ ಸೋಡಾದ ಜೊತೆ ಕ್ರಿಯೆಗೆ ಇಳಿಯುತ್ತದೆ ಎಂಬುದು ಪ್ರತ್ಯಾಮ್ಲಗಳ ಪಾಠದಲ್ಲಿ ಇತ್ತಂತೆ. ತಾರಸಿ ಬಿದ್ದಿತ್ತು, ಮಾನ್ಯರೇ, ನಾನು ಅದನ್ನು ಕೇಳಿರಲಿಲ್ಲ. ಸೋಡಾ ಕರಗಲೆಂದು ನೀರು ಹಾಕಿದ ಕ್ಷಣ ಅದು ಬುಸುಗುಟ್ಟಿತು, ತಾನಾಗಿಯೇ ಕುದಿಯಿತು, ಕಪ್ಪು ನೊರೆ ಉಕ್ಕಿ ಅಂಚು ದಾಟಿತು. ನಾನು ಹಾರಿ ತೆಂಗಿನ ಪೊರಕೆಯ ಹಿಂದೆ ಅಡಗಿದೆ, ಅದು ರಕ್ಷಣೆಗೆ ಸಾಲುವ ವಸ್ತುವೇ ಎಂದು ಆ ಹೊತ್ತಿನಲ್ಲಿ ಯೋಚಿಸಲಿಲ್ಲ. ನೊರೆ ಇಳಿದ ಮೇಲೆ ನೋಡಿದರೆ ಪಾತ್ರೆಯ ಅಂಚೊಂದು ಬಳೆಯ ಹಾಗೆ ಉಳಿದಿತ್ತು, ತಳ ಇರಲಿಲ್ಲ. ಅತ್ತೆ ಬಂದು, "ನನ್ನ ಪಾತ್ರೆ ಎಲ್ಲೇ?" ಎಂದರು. ಪದಾರ್ಥ ನಾಶವಾಗುವುದಿಲ್ಲ ಎಂಬ ತಮ್ಮ ಸಂಸ್ಥಾನದ ಮೂಲ ನಿಯಮವನ್ನೇ ನೆನೆದು, "ಎಲ್ಲೂ ಹೋಗಿಲ್ಲ ಅತ್ತೆ, ಆ ನೀರಲ್ಲೇ ಇದೆ" ಎಂದೆ. "ಇದ್ರೆ ತೆಗೆದು ಒರೆಸಿಡು, ಸಾಯಂಕಾಲ ಹಾಲು ಕಾಯಿಸ್ಬೇಕು" ಎಂದು ಒಳಗೆ ಹೋದರು. ಅಂದಿನಿಂದ ಮನೆಗೆ ಯಾರೇ ಬರಲಿ, "ಎಲ್ಲರ ಸೊಸೇರೂ ಪಾತ್ರೆ ತೊಳೀತಾರೆ, ನಮ್ಮವಳು ಕರಗಿಸ್ತಾಳೆ" ಎಂದು ಪರಿಚಯ ಮಾಡಿಕೊಡುತ್ತಾರೆ. ತಾವು ಒಮ್ಮೆ ಬಿಡುವು ಮಾಡಿಕೊಂಡು ನಮ್ಮ ಮನೆಗೆ ದಯಮಾಡಿಸಿ, ಅತ್ತೆಯವರ ಎದುರಿಗೆ ಹಿಂದುಮುಂದಾಗಿ ನಿಂತು ಆ ಪಾತ್ರೆಯನ್ನು ವಾಪಸ್ಸು ಕೊಡಿಸಿದರೆ ಋಣಿಯಾಗಿರುತ್ತೇನೆ.

ಟೀಚರ್ ನನಗಿಂತ ಬಹಳ ಚಿಕ್ಕವರು, ನನ್ನನ್ನು ಅಕ್ಕ ಎನ್ನುತ್ತಾರೆ. ನಡೆದದ್ದನ್ನು ಕೇಳಿ ಮೊದಲು ಅವರ ಮುಖ ಬಿಳಿಚಿತು. "ಅಕ್ಕಾ, ಮೇಲೆದ್ದಿದ್ದು ಹೈಡ್ರೋಜನ್. ಹತ್ತಿರ ಬೆಂಕಿ ಇದ್ದಿದ್ರೆ ಪಾತ್ರೆ ಜೊತೆ ನೀವೂ ಬಲಗಡೆ ಹೋಗ್ತಿದ್ರಿ" ಎಂದರು. ಬೆಂಕಿ ಇರಲಿಲ್ಲ, ಏಕೆಂದರೆ ಒಲೆಯನ್ನು ನಾನು ಮೂರು ಸಲ ನೋಡಿ ಬಂದಿದ್ದೆ. ಈ ವಿಷಯವನ್ನು ಮನೆಯಲ್ಲಿ ಹೇಳಿದಾಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂಬುದನ್ನೂ ದಾಖಲಿಸಲು ಬಯಸುತ್ತೇನೆ. ಆಮೇಲೆ ಟೀಚರ್ ಕೇಳಿದರು: "ಮೂರು ಅನ್ನೋದು ಎಣಿಕೆ ಅಕ್ಕಾ, ತೂಕ ಅಲ್ಲ, ಅಳತೆ ಅಲ್ಲ. ನಿಮ್ಮಲ್ಲಿ ಮೂರು ಕರವಸ್ತ್ರ, ಒಂದು ಕಂಬಳಿ ಬಂದ್ರೆ ಯಾವುದು ಭಾರ?"

ಮಾನ್ಯರೇ, ಎಡಬಾಗಿಲಲ್ಲಿ ದಿನವೂ ನಾನು ಮಾಡುವುದು ಅದನ್ನೇ. ಬಾಗಿಲ ಲೆಕ್ಕಕ್ಕೆ ಬಟ್ಟೆಯನ್ನು ಎಣಿಸುತ್ತೇನೆ, ಯಂತ್ರಕ್ಕೆ ತುಂಬಲು ಅದೇ ಬಟ್ಟೆಯನ್ನು ಗಾಡಿಯ ತೂಕ ಕಳೆದು ತೂಗುತ್ತೇನೆ. ಎಣಿಕೆ ಬೇರೆ, ತೂಕ ಬೇರೆ ಎಂದು ಹೊಸದಾಗಿ ಸೇರಿದವರಿಗೆ ಗದರಿ ಕಲಿಸಿದವಳೂ ನಾನೇ. ಎಣ್ಣೆಯ ಒಂದು ಅಣು ಕಂಬಳಿ, ಸೋಡಾದ್ದು ಕರವಸ್ತ್ರ. ಹಾಗಾಗಿ ಎಣಿಕೆಯಲ್ಲಿ ಒಂದಕ್ಕೆ ಮೂರಾದರೂ ತೂಕದಲ್ಲಿ ಎಣ್ಣೆ ರಾಶಿಯಷ್ಟು, ಸೋಡಾ ಹಿಡಿಯಷ್ಟು. ಇದು ಹೊಳೆದಾಗ ನಾನು ಹಣೆ ಚಚ್ಚಿಕೊಂಡ ಸದ್ದಿಗೆ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದವರು ಎಚ್ಚರಗೊಂಡರು. ತಾವು ಮುಂದಿನ ಮುದ್ರಣದಲ್ಲಿ ಕೊರಳಿಗೆ ಒಂದು ಹಲಗೆ ತೂಗಿಹಾಕಿಕೊಂಡು, 'ಇಲ್ಲಿ ಎಣಿಕೆ ಮಾತ್ರ. ತೂಕ, ಪಾತ್ರೆ ಮತ್ತು ಅತ್ತೆಯಂದಿರಿಗೆ ನಾವು ಹೊಣೆಯಲ್ಲ' ಎಂದು ಬರೆಸಿಕೊಳ್ಳಬೇಕಾಗಿ ಕೋರುತ್ತೇನೆ. ಆಗಾಗ ತಲೆಯ ಮೇಲೆ ಇಟ್ಟುಕೊಳ್ಳುವ ಆ ತ್ರಿಕೋನ 'ಕಾಯಿಸಬೇಕು' ಎಂಬುದರ ಗುರುತಂತೆ. ನಾನು ಬಹುಕಾಲ ಅದನ್ನು ಟೋಪಿ ಎಂದೇ ತಿಳಿದಿದ್ದೆ.

ಸಾವಯವ ರಸಾಯನಶಾಸ್ತ್ರಕ್ಕೆ ಬಂದ ಮೇಲೆ ತಾವು ಬಾಗತೊಡಗಿದಿರಿ. ಇಷ್ಟು ಕಾಲ ನೆಟ್ಟಗಿದ್ದವರು ಕೊಡೆಯ ಹಿಡಿಯ ಹಾಗೆ ಬಳುಕಿದ್ದನ್ನು ನೋಡಿ, ತಮಗೂ ವಯಸ್ಸಾಯಿತೆಂದು ಮರುಗಿದೆ. ಆಮೇಲೆ ತಿಳಿಯಿತು, ಆ ಬಾಗಿದ ಬಾಣ ಎಲೆಕ್ಟ್ರಾನಿನ ಜೋಡಿ ಯಾರಿಂದ ಯಾರಿಗೆ ಹೋಗುತ್ತದೆ ಎಂದು ತೋರಿಸುವುದಂತೆ. ಇಂಗಾಲಕ್ಕೆ ನಾಲ್ಕು ಕೈ. ಎಣ್ಣೆಯ ಅಣುವೆಂದರೆ ಒಂದೇ ಗಿಡ್ಡ ಕೋಲಿಗೆ ನೇತುಹಾಕಿದ ಮೂರು ಉದ್ದನೆಯ ಬಟ್ಟೆಗಳ ಹಾಗೆ. ಒಂದೊಂದು ಬಟ್ಟೆಯನ್ನು ಬಿಡಿಸಲು ಸೋಡಾದ ಕಡೆಯಿಂದ ಒಬ್ಬೊಬ್ಬರು ಬರಬೇಕು, ಅದಕ್ಕೇ ಆ ಮೂರು. ಇಷ್ಟನ್ನು ನಾನು ಬರೆದೆ, ಬಾಣವನ್ನು ಮಾತ್ರ ಉಲ್ಟಾ ಹಾಕಿದೆ. "ಇರೋರಿಂದ ಇಲ್ಲದೋರ ಕಡೆಗೆ ಹಾಕ್ಬೇಕು ಅಕ್ಕಾ" ಎಂದು ಟೀಚರ್ ತಿದ್ದಿದರು. ಕ್ಷಮಿಸಬೇಕು, ಲೋಕದಲ್ಲಿ ನಾನು ಕಂಡದ್ದೆಲ್ಲ ಇಲ್ಲದವರಿಂದ ಇರುವವರ ಕಡೆಗೇ ಹೋಗುತ್ತಿದ್ದುದರಿಂದ ಆ ತಪ್ಪಾಯಿತು. ಪರಮಾಣುಗಳಲ್ಲಿ ಇಷ್ಟು ಧರ್ಮಬುದ್ಧಿ ಇರುವುದು ನನಗೆ ಗೊತ್ತಿರಲಿಲ್ಲ.

ಇನ್ನು ತಮ್ಮ ಜೋಡಿ ರೂಪ, ಒಂದು ಬಲಕ್ಕೆ ಒಂದು ಎಡಕ್ಕೆ. ಹೋದಷ್ಟೇ ವೇಗದಲ್ಲಿ ವಾಪಸ್ಸು ಬರುತ್ತಾ, ಒಳಗೆ ಬಿಡುವಿಲ್ಲದ ದುಡಿಮೆ, ಹೊರಗೆ ಏನೂ ಬದಲಾಗದ ಸ್ಥಿತಿ. ಇದನ್ನು ಮಾತ್ರ ನನಗೆ ಯಾರೂ ವಿವರಿಸಬೇಕಾಗಲಿಲ್ಲ. ಸಂಜೆ ಕಲಿತದ್ದು ಬೆಳಗಾಗುವಷ್ಟರಲ್ಲಿ ವಾಪಸ್ಸು ಹೋಗುವ ತಲೆ ನನ್ನದು. ಈ ವಯಸ್ಸಿನಲ್ಲಿ ನನ್ನ ಓದಿನ ನಡುವೆ ತಾವು ಯಾವ ರೂಪದಲ್ಲಿ ನಿಂತಿದ್ದೀರಿ, ಒಂಟಿಯಾಗಿಯೋ ಜೋಡಿಯಾಗಿಯೋ ಎಂಬುದೇ ನನ್ನ ನಿಜವಾದ ಭಯ. ಆ ಕನಸಿನ ಅರ್ಥವೂ ಅದೇ ಇರಬೇಕು.

ಎರಡನೆಯ ಸಲ ಸ್ಟೀಲಿನ ಪಾತ್ರೆಯಲ್ಲಿ, ಕೈಗವಸು ತೊಟ್ಟು, ಟೀಚರ್ ಕೊಟ್ಟ ತಕ್ಕಡಿಯಲ್ಲಿ ಎಣ್ಣೆಯನ್ನೊಂದು ಬಟ್ಟಲಲ್ಲೂ ಸೋಡಾವನ್ನೊಂದು ಬಟ್ಟಲಲ್ಲೂ ತೂಗಿ ಸೋಪು ಮಾಡಿದೆ. ಅದು ಗಟ್ಟಿಯಾಯಿತು, ಬೆಳ್ಳಗಾಯಿತು. ಅದನ್ನು ವಾರಗಟ್ಟಲೆ ಅಟ್ಟದಲ್ಲಿಟ್ಟು, ದಿನವೂ ಹತ್ತಿ ನೋಡಿ ಬಂದೆ. ಈಗ ಮಡಿಲಲ್ಲಿದೆ. ಒಳಗಿನಿಂದ ನನ್ನನ್ನು ಕರೆಯುತ್ತಿದ್ದಾರೆ. ಇಷ್ಟು ಹೊತ್ತು ದೂರಿದ್ದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳದೆ, ದಯವಿಟ್ಟು ಇವತ್ತೊಂದು ದಿನ ಬಲಕ್ಕೆ ಮುಖ ಮಾಡಿಯೇ ನಿಂತಿರಿ.

ಇಂತಿ, ತಮ್ಮ ಎಡಗಡೆಯಲ್ಲಿ ಇನ್ನೂ ಉಳಿದಿರುವ,
ತಮ್ಮ ವಿಶ್ವಾಸಿ

ತಾ.ಕ.: ಹೋಗಿ ಬಂದೆ. ಪರೀಕ್ಷಕರು ಒಂದೇ ಪ್ರಶ್ನೆ ಕೇಳಿದರು: "ಆಮ್ಲ, ಆಲ್ಕೋಹಾಲ್ ಸೇರಿ ಎಸ್ಟರ್ ಆಗೋದು ಎರಡೂ ಕಡೆ ಓಡಾಡತ್ತೆ. ಎಣ್ಣೆನೂ ಎಸ್ಟರೇ, ಆದ್ರೆ ಅದು ಸೋಪಾದ್ಮೇಲೆ ಮಾತ್ರ ಯಾಕಮ್ಮ ವಾಪಸ್ ಬರಲ್ಲ?" ನನ್ನ ಬಾಯಿಂದ ಮೊದಲು ಬಂದದ್ದು, "ಬಲಬಾಗಿಲಿಂದ ಆಚೆ ಹೋದ ಬಟ್ಟೆ ಯಾಕ್ ಸಾರ್ ವಾಪಸ್ ಬರತ್ತೆ" ಎಂಬ ಮಾತು. ಆಮೇಲೆ ನಾಲಿಗೆ ಕಚ್ಚಿಕೊಂಡು, ಎಣ್ಣೆಯಿಂದ ಬಿಡಿಸಿಕೊಂಡು ಬಂದ ಆಮ್ಲ ತನ್ನ ಜಲಜನಕವನ್ನು ಕೂಡಲೇ ಪ್ರತ್ಯಾಮ್ಲಕ್ಕೆ ಕೊಟ್ಟುಬಿಡುತ್ತದೆ, ಕೊಟ್ಟ ಮೇಲೆ ಅದು ಉಪ್ಪು, ಅಂದರೆ ಸೋಪು, ಮತ್ತೆ ಆಲ್ಕೋಹಾಲನ್ನು ಹಿಡಿಯುವ ಹಂಬಲವೇ ಅದಕ್ಕೆ ಉಳಿಯುವುದಿಲ್ಲ ಎಂದು ಹೇಳಿದೆ. ಪ್ರತ್ಯಾಮ್ಲ ಎಂಬ ಪದವನ್ನು ನಾನು ಅಷ್ಟು ಗಟ್ಟಿಯಾಗಿ ಎಂದೂ ಉಚ್ಚರಿಸಿರಲಿಲ್ಲ. ಅವರು ನಕ್ಕು, "ಪಾಸಮ್ಮ, ಹೋಗ್ಬನ್ನಿ. ಸಾಯಂಕಾಲ ಎಲ್ಲರದ್ದೂ ಸೇರಿಸಿ ಸಹಿ ಹಾಕ್ತೀನಿ" ಎಂದವರು, ಕಾಗದ ಬಿಚ್ಚಿ ಸೋಪನ್ನು ಮೂಸಿ, ಮೂಲೆಯ ನಲ್ಲಿಯ ತೊಟ್ಟಿಗೆ ಹೋಗಿ ಆ ಸೋಪಿನಿಂದಲೇ ಮೊಣಕೈವರೆಗೆ ಬಹಳ ಹೊತ್ತು ಕೈ ತೊಳೆದುಕೊಂಡರು.

ಬಾಗಿಲು ದಾಟಿದ ಮೇಲೆ ನೆನಪಾಯಿತು, ತೂಗುವಾಗ ಎರಡರಲ್ಲಿ ಒಂದು ಬಟ್ಟಲಿನ ತೂಕವನ್ನು ಕಳೆಯಲು ಮರೆತೆನೋ ಏನೋ. ಸೋಡಾದ ಬಟ್ಟಲಾದರೆ ಸೋಡಾ ಕಮ್ಮಿ ಬಿದ್ದಿದೆ, ಎಣ್ಣೆ ಮಿಕ್ಕಿದೆ, ಅವರ ಕೈ ಬೆಣ್ಣೆಯಂತಾಗಿರುತ್ತದೆ. ಎಣ್ಣೆಯ ಬಟ್ಟಲಾದರೆ ಎಣ್ಣೆ ಕಮ್ಮಿ, ಸೋಡಾ ಮಿಕ್ಕಿದೆ, ಸಾಯಂಕಾಲದ ಹೊತ್ತಿಗೆ ಉರಿ ಶುರುವಾಗುತ್ತದೆ. ತಾವು ದಿಕ್ಕು ತೋರಿಸುವವರೇ ಹೊರತು ಇಂಥ ಚಿಲ್ಲರೆ ವಿಷಯಗಳಿಗೆ ತಲೆ ಹಾಕುವವರಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಆದರೂ ಸಹಿ ಹಾಕಬೇಕಾದ ಕೈ ಅದೇ ಆಗಿರುವುದರಿಂದ, ಆ ಬಟ್ಟಲು ಎಣ್ಣೆಯದೋ ಸೋಡಾದ್ದೋ, ದಯವಿಟ್ಟು ಇನ್ನೊಂದು ಸಲ ನೋಡಿ ಹೇಳಿ.