ಹಂದಿ ಅಮೀನನಾದ ಜೋಥಮ್

ವರ್ಷಕ್ಕೊಮ್ಮೆ ಊರಿನ ಹುದ್ದೆಗಳಿಗೆ ಜನರನ್ನು ಆರಿಸುವ ಮಾರ್ಚ್ ತಿಂಗಳ ಊರಸಭೆಯ ದಿನ ಬೆಳಗ್ಗೆ ವಿಧವೆ ಹುಲ್ದಾಳ ಹಂದಿ ಮತ್ತೆ ಬೇಲಿ ನುಸುಳಿ, ಪೀಪಾಯಿ ಕಟ್ಟುವ ಜೋಥಮನ ಕೊಟ್ಟಿಗೆಗೆ ನುಗ್ಗಿತು. ಮೇಪಲ್ ಮರಗಳಲ್ಲಿ ಪಾಕ ಕಾಸುವ ಸಿಹಿ ರಸ ಇಳಿಯಲು ಇನ್ನು ನಾಲ್ಕೇ ದಿನ. ರಸ ಹಿಡಿಯುವ ಬಕೆಟ್ಟುಗಳಿಗೆಂದು ಅವನು ಕೆತ್ತಿ ನಿಲ್ಲಿಸಿದ್ದ ಹಲಗೆಗಳೆಲ್ಲ ದಡದಡ ಉರುಳಿದವು.

ಜೋಥಮನಿಗೆ ಕೋಪ ಮಾಡಿಕೊಳ್ಳುವಷ್ಟೂ ಶಕ್ತಿ ಉಳಿದಿರಲಿಲ್ಲ. ಒಂಬತ್ತು ವರ್ಷದಿಂದ ಟಾಲ್ಬರಿ ಊರಿನ ಪಂಚನಾಗಿ ಆ ಮನುಷ್ಯ ಹೈರಾಣಾಗಿ ಹೋಗಿದ್ದ. ಬೇಲಿಯ ಜಗಳ, ಸೇತುವೆಯ ಜಗಳ, ಚರ್ಚಿನಲ್ಲಿ ಯಾರ ಬೆಂಚು ಮುಂದೆ ಅನ್ನುವ ಜಗಳ, ಎಲ್ಲವೂ ಅವನ ಕೊಟ್ಟಿಗೆಗೇ ಬರುತ್ತಿದ್ದವು. ಬಂದವರು ಅವನು ಕಟ್ಟಿಟ್ಟ ಪೀಪಾಯಿಗಳ ಮೇಲೆಯೇ ಕೂತು ಸಂಜೆಯವರೆಗೆ ವಾದಿಸುತ್ತಿದ್ದರು. ಇವತ್ತು ಹೇಗಾದರೂ ಆ ಪಟ್ಟ ಕಳಚಿಟ್ಟು ಬಂದು ನೆಮ್ಮದಿಯಾಗಿ ಬಕೆಟ್ಟು ಕಟ್ಟಬೇಕೆಂದು ನಿಶ್ಚಯಿಸಿಕೊಂಡೇ ಎದ್ದಿದ್ದ.

ಎದ್ದವನು ಹಂದಿಯ ಹಿಂದೆ ಓಡಬೇಕಾಯಿತು. ಕೆಸರು ರಸ್ತೆಯುದ್ದಕ್ಕೂ ಅಟ್ಟಿಸಿಕೊಂಡು ಹೋಗಿ, ಹಿಂಗಾಲು ಹಿಡಿದು, ಹುಲ್ದಾಳ ಅಂಗಳಕ್ಕೆ ಎಳೆದು ತಂದ.

"ಅಯ್ಯೋ, ಸುಸ್ತಾಗಿದೀರಿ ಪಂಚರೇ. ಒಳಗೆ ಬನ್ನಿ, ಬೀನ್ಸ್ ಬಿಸಿ ಇದೆ," ಅಂದಳು ಹುಲ್ದಾ.

"ಬೀನ್ಸ್ ಮನೆ ಹಾಳಾಗ! ಮೊದ್ಲು ಹಂದಿ ಕಟ್ಹಾಕಮ್ಮ!"

ಸಭೆಮನೆಯಲ್ಲಿ ಒಲೆಯಿಲ್ಲದೆ ಎಲ್ಲರೂ ನಡುಗುತ್ತ ಕೂತಿದ್ದರು. ಸಭೆಯ ಅಧ್ಯಕ್ಷ, ಚರ್ಚಿನ ಡೀಕನ್ ಎಲ್ನೇಥನ್ ಗಂಟಲು ಸರಿಮಾಡಿಕೊಂಡ. "ಪಂಚನ ಜಾಗಕ್ಕೆ ಜೋಥಮ್. ಯಾರದಾದ್ರೂ ತಕರಾರಿದೆಯಾ?"

"ನಂದೇ ಇದೆ," ಎಂದು ಜೋಥಮ್ ಎದ್ದ. "ಮೈಯಲ್ಲಿ ಹುಷಾರಿಲ್ಲ. ನಾಲ್ಕು ಹೆಜ್ಜೆ ಇಟ್ರೆ ಏದುಸಿರು."

"ಬೆಳಗ್ಗೆ ಹಂದಿ ಹಿಂದೆ ಓಡಿದ್ದು ನಿಮ್ಮ ತಾತನಾ?" ಅಂದ ಗಿರಣಿಯ ಓಬೆಡ್. ನಲವತ್ತಾದರೂ ಮದುವೆಯಾಗದ ಅವನಿಗೆ ಊರವರ ಮೇಲೆ ಕಣ್ಣಿಡುವುದೇ ಸಂಸಾರ. "ಹಂದೀನೇ ಸೋತು ಕೂತ್ಬಿಡ್ತಲ್ರೀ!"

"ಬಕೆಟ್ಟು ಕಟ್ಟೋ ಕೆಲಸ ಬಾಕಿ ಇದೆ..."

"ಕೆಲಸ ಯಾರಿಗಿಲ್ಲ? ಕೂತ್ಕೋ," ಅಂದ ಡೀಕನ್.

ಕೈಗಳು ಮೇಲೇಳತೊಡಗಿದವು. ಜೋಥಮ್ ಕೂಗಿಬಿಟ್ಟ. "ನಾನು ಮದುವೆ ಆಗ್ತಿದೀನಿ! ಪಂಚಾಯ್ತಿ ಗಿಂಚಾಯ್ತಿ ಬಿಡ್ಬೇಕು ಅಂತ ಅವಳು ಹಟ ಹಿಡಿದಿದಾಳೆ!"

"ಯಾರು?" ಎಂದಿತು ಇಡೀ ಸಭೆ.

ಬೆಳಗ್ಗೆಯಿಂದ ಅವನು ಬೈಯುತ್ತಿದ್ದ ಹೆಸರೊಂದೇ ನಾಲಿಗೆಗೆ ಸಿಕ್ಕಿತು. "ಹುಲ್ದಾ."

ಸಭೆಮನೆಯ ಮಾಡು ಹಾರುವಂತೆ ಕೇಕೆ ಎದ್ದಿತು. ಮದುಮಗನನ್ನು ಪಂಚಾಯ್ತಿಯಿಂದ ಬಿಟ್ಟುಬಿಟ್ಟರು, ಪಂಚನ ಜಾಗಕ್ಕೆ ಓಬೆಡ್ ಬಂದ. ಜೋಥಮ್ ಟೊಪ್ಪಿಗೆ ಎತ್ತಿಕೊಂಡು ಬಾಗಿಲಿನತ್ತ ಹೊರಟ.

"ಎಲ್ಲಿಗೆ? ಹಂದಿ ಅಮೀನನ ಜಾಗ ಖಾಲಿ ಇದೆ," ಅಂದ ಡೀಕನ್, ನಗು ತಡೆಯುತ್ತ.

ಜೋಥಮನ ಕಾಲು ನಿಂತಲ್ಲೇ ನಿಂತಿತು. ಬೀದಿ ಹಂದಿಗಳನ್ನು ಹಿಡಿದು, ನೆಲ ಅಗೆಯದಂತೆ ಮೂಗಿಗೆ ಬಳೆ ಹಾಕುವ ಆ ಹುದ್ದೆ ವರ್ಷದ ಹೊಸ ಮದುಮಗನಿಗೇ ಮೀಸಲು. ಒಂಬತ್ತು ವರ್ಷ ಅವನೂ ಹೊಟ್ಟೆ ಹಿಡಿದು ನಗುತ್ತ ಹುಡುಗರಿಗೆ ಅದನ್ನು ಅಂಟಿಸಿದ್ದ.

"ಇನ್ನೂ ಮದುವೆ ಆಗಿಲ್ವಲ್ಲ!"

"ಈ ಸಲ ಊರಲ್ಲಿ ಬೇರೆ ಮದುಮಗನೇ ಗತಿಯಿಲ್ಲಪ್ಪ." ಎಲ್ಲ ಕೈಗಳೂ ಮೇಲೆದ್ದವು. ಕೆಲವರು ಎರಡೆರಡು ಎತ್ತಿದರು.

ಅವನ ಹೆಗಲಿಗೆ ಹಂದಿ ಹಿಡಿಯುವ ಹಗ್ಗ ಹಾಕಿ, ಸಭೆ ಮುಗಿದ ಮೇಲೂ ಒಂದು ಗಂಟೆ ಹಿಡಿದಿಟ್ಟುಕೊಂಡು ಗೇಲಿ ಮಾಡಿದರು. ಹೇಗೋ ಬಿಡಿಸಿಕೊಂಡು ಮನೆಯ ದಾರಿ ಹಿಡಿದ. ಹೆಂಡತಿ ತೀರಿಕೊಂಡು ಮೂರು ವರ್ಷ, ಮನೆಯಲ್ಲಿ ಒಣ ರೊಟ್ಟಿ, ಆರಿದ ಒಲೆ. ಹುಲ್ದಾ ಕೆಟ್ಟವಳೇನಲ್ಲ. ಹಂದಿ ತಂದುಬಿಟ್ಟಾಗಲೆಲ್ಲ ಒಳಗೆ ಕರೆಯುತ್ತಿದ್ದಳು, ತಾನೇ ಪೆದ್ದನಂತೆ ಸಿಡುಕುತ್ತಿದ್ದ. ಅವಳ ಬಾಗಿಲು ತಲುಪುವ ಹೊತ್ತಿಗೆ ಸುಳ್ಳು ಹೇಳಿದವನಿಗೆ ಆ ಸುಳ್ಳು ನಿಜವಾಗಲಿ ಅನ್ನಿಸಿಬಿಟ್ಟಿತ್ತು.

"ನಿಮ್ಮನ್ನ ಕೇಳ್ದೆ ಸಭೇಲಿ ನಮ್ಮ ಮದುವೆ ಅಂತ ಹೇಳ್ಬಿಟ್ಟೆ, ತಪ್ಪಾಯ್ತು ಹುಲ್ದಾ. ಈಗ ಕೇಳ್ತಿದೀನಿ. ಮನಸಾರೆ ಕೇಳ್ತಿದೀನಿ."

ಹುಲ್ದಾ ನಿಟ್ಟುಸಿರುಬಿಟ್ಟಳು. "ಮೂರು ವರ್ಷದಿಂದ ಈ ಮಾತಿಗೇ ಕಾದೆ. ಹಂದಿ ತಾನಾಗೇ ಬೇಲಿ ನುಸುಳ್ತಿತ್ತು ಅಂದ್ಕೊಂಡ್ರಾ? ದಿನಾ ಗೂಟ ಸಡಿಲಿಸ್ತಿದ್ದೋಳು ನಾನು!"

ಜೋಥಮನ ಮುಖ ಅರಳಿತು. "ಹಾಗಾದ್ರೆ..."

"ಆದ್ರೆ ನಾನು ಕಾದಿದ್ದು ಪಂಚರಿಗೆ. ಪಂಚರ ಹೆಂಡ್ತಿಗೆ ಚರ್ಚಲ್ಲಿ ಮುಂದಿನ ಬೆಂಚು. ಹಂದಿ ಅಮೀನನ ಹೆಂಡ್ತಿ ಎಲ್ಲಿ ಕೂರ್ಬೇಕು, ಹೇಳಿ?"

ಒಳಗೆ ಮೇಜಿನ ಮುಂದೆ ಬಿಸಿ ಬೀನ್ಸ್ ತಿನ್ನುತ್ತಿದ್ದ ಯಾರೋ ಚಮಚ ಕೆಳಗಿಟ್ಟ ಸದ್ದಾಯಿತು. ಹೊಸ ಪಂಚ ಓಬೆಡ್ ಬಾಯಿ ಒರೆಸಿಕೊಳ್ಳುತ್ತ ಕಿಟಕಿಯಿಂದ ಇಣುಕಿದ.

"ಅಮೀನರೇ, ಹಂದಿ ಮತ್ತೆ ನಿಮ್ಮ ಕೊಟ್ಟಿಗೆ ಕಡೆ ಹೋಯ್ತು ನೋಡಿ. ಹಗ್ಗ ತಂದಿದೀರಿ ತಾನೆ?"