ಬೆಂದ ಆಲೂಗಡ್ಡೆಯಲ್ಲಿ ನೀರು ಏರುವುದಿಲ್ಲ

ಸಸ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವನು ಅದನ್ನೇ ಕಲಿಸಿ ಬದುಕುತ್ತೇನೆಂದು ಹಟ ಹಿಡಿದರೆ ಅವನಿಗೆ ಅವಮಾನಗಳ ಕೊರತೆಯಾಗುವುದಿಲ್ಲ. ಮೂರೇ ತಿಂಗಳಲ್ಲಿ ನನಗೆ ದೊರೆತವು ಇವು.

೧. ಸಂದರ್ಶನ

ಕೆ.ಆರ್. ಪುರದ ಒಂದು ಟ್ಯೂಷನ್ ಕೇಂದ್ರ. ಮಾಲೀಕರ ತಾತ ಅದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದರು. ಮೊಮ್ಮಗ ರ‍್ಯಾಂಕ್ ಬೆಳೆಯುತ್ತಾರೆ.

"ಅಭಿಸರಣೆ ಹೆಂಗ್ ಹೇಳ್ಕೊಡ್ತೀರಾ ಮೇಷ್ಟ್ರೇ?"

"ಜೀವಕೋಶದ ಪೊರೆ ನೀರನ್ನು ಬಿಡುತ್ತದೆ, ಸಕ್ಕರೆಯನ್ನು ತಡೆಯುತ್ತದೆ. ಆದ್ದರಿಂದ ಸಕ್ಕರೆ ಹೆಚ್ಚಿರುವ ಕಡೆಗೆ ನೀರು ಸಾಗುತ್ತದೆ. ಆಲೂಗಡ್ಡೆಯಲ್ಲಿ ಕುಳಿ ಕೊರೆದು, ಸಕ್ಕರೆ ನೀರು ತುಂಬಿ, ನೀರಿನ ತಟ್ಟೆಯಲ್ಲಿಟ್ಟರೆ ಕುಳಿಯ ಮಟ್ಟ ಏರುವುದನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ."

"ಅಷ್ಟೆಲ್ಲ ಯಾಕ್ರೀ? ಪರೀಕ್ಷೇಲಿ ನಾಲ್ಕು ಆಪ್ಷನ್ ಇರುತ್ತೆ. ಆಲೂಗಡ್ಡೆ ಇರಲ್ಲ."

ಕೊನೆಗೆ ಒಪ್ಪಂದವಾಯಿತು: ಮೂರು ತಿಂಗಳು ಪರೀಕ್ಷಾರ್ಥ ಕೆಲಸ; ಕೊನೆಯ ಭಾನುವಾರ ಪೋಷಕರ ಮುಂದೆ ಪಾಠ. ಅವರು ಮೆಚ್ಚಿದರೆ ಕೆಲಸ ಖಾಯಂ.

"ಅವತ್ತು ಬೇಕಾದ್ರೆ ಆಲೂಗಡ್ಡೆ ಇಟ್ಕೊಳ್ಳಿ," ಎಂದರು. "ಫೋಟೊಗೆ ಚೆನ್ನಾಗಿರುತ್ತೆ."

೨. ರಸೆಲ್ ಮಾರುಕಟ್ಟೆ

ನನ್ನ ಕೋಣೆ ಶಿವಾಜಿನಗರದಲ್ಲಿ. ಪಾಠದ ಹಿಂದಿನ ದಿನ ಆ ಆಲೂಗಡ್ಡೆಗೆಂದು ಮಾರುಕಟ್ಟೆಗೆ ಹೋದವನು ಸೊಪ್ಪಿನಾಕೆಯ ಮುಂದೆ ನಿಂತು, "ಕೊತ್ತಂಬರಿ ಬಾಡಿದೆಯಲ್ಲಮ್ಮ" ಎಂದೆ.

"ಬೇರು ನೀರಲ್ಲಿಡಪ್ಪ, ಎದ್ದು ನಿಂತ್ಕೊಳ್ಳುತ್ತೆ. ಉಪ್ನೀರಲ್ಲಿಟ್ರೆ ಮಲಗ್ಬಿಡುತ್ತೆ, ಒಳಗಿರೋ ನೀರನ್ನೂ ಉಪ್ಪು ಎಳ್ಕೊಳ್ಳುತ್ತೆ. ನೀನೇನ್ ಓದಿದೀಯ?"

"ಗಿಡಗಳ ಬಗ್ಗೆ. ಐದು ವರ್ಷ."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೊಸರಿಗೆ ಒಂದು ಹಿಡಿ ಕರಿಬೇವು ಸೇರಿಸಿದರು. "ಐದು ವರ್ಷಾನಾ? ಪಾಪ, ಇದನ್ನೂ ಇಟ್ಕೋ."

೩. ಭಾನುವಾರ

ಕೇಂದ್ರದಲ್ಲಿ ಗುಡಿಸಿ ಚಹಾ ಮಾಡುವವರು ಕಲಬುರಗಿ ಕಡೆಯ ಒಬ್ಬ ಅಕ್ಕ. ಅವರದೂ ತಾತ್ಕಾಲಿಕ ಕೆಲಸ. ಆಲೂಗಡ್ಡೆಗಳಲ್ಲಿ ಕುಳಿ ತೋಡಿಡಲು ಹೇಳಿದ್ದೆ. ಬಹಳ ನಯವಾಗಿ ತೋಡಿದ್ದರು. ಮಟ್ಟ ಗುರುತಿಸಲು ಚುಚ್ಚಿದ ಗುಂಡುಸೂಜಿ ಬೆಣ್ಣೆಗೆ ಇಳಿದಂತೆ ಇಳಿದಾಗಲೇ ನಾನು ಅನುಮಾನಿಸಬೇಕಿತ್ತು.

ಕುಳಿಗಳಿಗೆ ಸಕ್ಕರೆ ನೀರು ತುಂಬಿ, ನೀರಿನ ತಟ್ಟೆಯಲ್ಲಿಟ್ಟು ಒಂದು ಗಂಟೆ ಮಾತನಾಡಿದೆ. ಮಟ್ಟ ಕೂದಲೆಳೆಯಷ್ಟೂ ಏರಲಿಲ್ಲ.

"ಅಕ್ಕಾ, ಇವನ್ನು ಏನು ಮಾಡಿದಿರಿ?"

"ಹಸೀವು ಭಾಳ ಗಟ್ಟಿ ಇದ್ದೂರಿ ಸರ. ಕುದಿಸಿ ಚಮಚಾಲೆ ತೆಗದೀನ್ರಿ."

ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಕಟ್ಟಡದಲ್ಲಿ ಬುದ್ಧಿ ಬಳಸಿದವರು ಅವರೊಬ್ಬರೇ. ಬೆಂದ ಕೋಶದ ಪೊರೆ ಸತ್ತಿರುತ್ತದೆ, ಸತ್ತ ಪೊರೆ ಯಾವುದನ್ನೂ ತಡೆಯುವುದಿಲ್ಲ, ಆದ್ದರಿಂದ ಸಕ್ಕರೆಯೂ ಆಲೂಗಡ್ಡೆಯ ತುಂಬ ಹರಡಿಕೊಳ್ಳುತ್ತದೆ ಎಂದು ಪೋಷಕರಿಗೆ ವಿವರಿಸತೊಡಗಿದೆ. ನನ್ನ ಅತ್ಯುತ್ತಮ ಪಾಠವೇ ಅದು.

"ಆಯ್ತು ಬಿಡ್ರೀ, ಟೀ ಟೈಮು," ಎಂದು ಮಾಲೀಕರು ಎದ್ದರು.

ಚೆಲ್ಲಲು ಮನಸ್ಸಾಗದ ಅಕ್ಕ ಅವೇ ಆಲೂಗಡ್ಡೆಗಳನ್ನು ಹಿಸುಕಿ, ಹಸಿಮೆಣಸಿನಕಾಯಿ ಹಾಕಿ ಬೋಂಡಾ ಕರಿದರು. ಗುಂಡುಸೂಜಿಗಳನ್ನು ನಾನೇ ಎಣಿಸಿ ತೆಗೆದೆ. ಆ ದಿನ ನನ್ನಿಂದ ಸರಿಯಾಗಿ ಆದ ಕೆಲಸ ಅದೊಂದೇ. ಪೋಷಕರು ತಟ್ಟೆಗಳನ್ನು ಖಾಲಿ ಮಾಡಿದರು. "ಸಕ್ಕತ್ತಾಗಿದೆ! ಖಾರದ ಜೊತೆ ಈ ಸಿಹಿ ಹೆಂಗ್ ಬಂತು?" ಎಂದು ಒಬ್ಬರು ಬೆರಗಿನಿಂದ ಕೇಳಿದರು. ಅರ್ಧ ಗಂಟೆಯ ಹಿಂದೆ ನಾನು ಅದನ್ನೇ ಹೇಳುತ್ತಿದ್ದೆ.

ಮಾಲೀಕರು ಮಾತಿಗೆ ತಪ್ಪಲಿಲ್ಲ. ಪೋಷಕರು ಮೆಚ್ಚಿದ್ದರಿಂದ ಅಲ್ಲಿಯೇ ಕೆಲಸ ಖಾಯಂ ಮಾಡಿದರು. ಅಕ್ಕನದು.

ನನ್ನ ಪರೀಕ್ಷಾವಧಿ ಇನ್ನೂ ಮೂರು ತಿಂಗಳು ಮುಂದುವರಿದಿದೆ. "ಧೈರ್ಯ ಕಳ್ಕೋಬೇಡಿ ಮೇಷ್ಟ್ರೇ," ಎಂದರು ಮಾಲೀಕರು, ಬೆರಳು ನೆಕ್ಕುತ್ತ. "ಮುಂದಿನ್ ಸಲ ಇದೇ ಎಕ್ಸ್‌ಪೆರಿಮೆಂಟ್ ಈರುಳ್ಳೀಲಿ ಮಾಡಿ."