ಸದ್ದಡಗಿದ ಬ್ರೇಕು

ನನ್ನ ಕೈಗುಣದ ಮೇಲೆ ನನ್ನ ಹೆಂಡತಿಗೆ ಕಾಸಿನಷ್ಟೂ ನಂಬಿಕೆಯಿಲ್ಲ. (ಒಮ್ಮೆ ಇಸ್ತ್ರಿಪೆಟ್ಟಿಗೆ ಬಿಚ್ಚಿದ್ದೆ. ಅದು ಇಂದಿಗೂ ಬಿಚ್ಚಿಕೊಂಡೇ ಇದೆ.) ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅವಳು ಶನಿವಾರ ಕೆಲಸದಿಂದ ಬಂದವಳೇ, "ಸೈಕಲ್ ಬ್ರೇಕ್ ಹಿಡೀತಿಲ್ಲ ಕಣ್ರೀ, ಗೇಟಿಗೆ ಗುದ್ದಿ ನಿಂತೆ. ನಾಳೆ ಅಂಗಡಿಗೆ ಕೊಡಿ," ಎಂದಾಗ ನನ್ನ ಪೌರುಷ ಕೆರಳಿತು.

ಹಿಡಿಯದಿದ್ದರೂ ಆ ಬ್ರೇಕು ಕಿರುಚುವುದರಲ್ಲಿ ಮಾತ್ರ ಹಿಂದೆ ಬಿದ್ದಿರಲಿಲ್ಲ. ಬೀದಿಯ ತಿರುವಿನಲ್ಲಿ ಅವಳು ಅದುಮಿದರೆ ನಮ್ಮ ಅಡುಗೆಮನೆಯ ಲೋಟಗಳು ನಡುಗುತ್ತಿದ್ದವು.

"ಅಂಗಡಿಯವನು ಹೊಸದು ಹಾಕ್ತಾನೆ, ಅಷ್ಟೇ. ಹಳೇದಕ್ಕೆ ಜೀವ ಕೊಡೋದಿದ್ಯಲ್ಲ, ಅದು ವಿದ್ಯೆ!"

"ಇಸ್ತ್ರಿಪೆಟ್ಟಿಗೆಗೂ ಹೀಗೇ ಅಂದಿದ್ರಿ."

ಭಾನುವಾರ ಬೆಳಗ್ಗೆ ಪುನರುಜ್ಜೀವನ ಮಹಾಕಾರ್ಯ ಶುರುವಾಯಿತು. ಬ್ರೇಕಿನ ರಬ್ಬರ್ ತುಂಡುಗಳನ್ನು ಬಿಚ್ಚಿ ನೋಡಿದರೆ ಮೈಯೆಲ್ಲ ಗಾಜಿನಂತೆ ನುಣುಪು. ನಡುನಡುವೆ ಮರಳು, ಲೋಹದ ಚೂರು. ಪಿನ್ನಿನಿಂದ ಒಂದೊಂದಾಗಿ ಕಿತ್ತೆ. ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಒರಟು ಮಾಡಿದೆ. ಚಕ್ರದ ಅಂಚನ್ನು ಹೆಂಡತಿಯ ಉಗುರುಬಣ್ಣ ಅಳಿಸುವ ನೀರಿನಿಂದ ಒರೆಸಿದೆ. (ಅವಳನ್ನು ಕೇಳಲಿಲ್ಲ. ಕಲಾವಿದರು ಕೇಳುವುದಿಲ್ಲ.) ಕಿರುಚಾಟ ನಿಲ್ಲಬೇಕಾದರೆ ರಬ್ಬರಿನ ಮುಂದಿನ ತುದಿಯೇ ಮೊದಲು ತಾಗಬೇಕೆಂದು ಹಿಂದಿನ ತುದಿಗೂ ಚಕ್ರಕ್ಕೂ ನಡುವೆ ಇಸ್ಪೀಟೆಲೆ ಸಿಕ್ಕಿಸಿ ಬಿಗಿದು, ಆಮೇಲೆ ಎಲೆಯನ್ನು ಎಳೆದೆ.

ಸೋಮವಾರ ಸಂಜೆ ಹೆಂಡತಿ ಗೇಟಿನ ಮುಂದೆ ಗಕ್ಕನೆ ನಿಂತಳು. ಚೂರೂ ಸದ್ದಿಲ್ಲ.

"ಪರವಾಗಿಲ್ವೇ!" ಎಂದಳು. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಸಿಕ್ಕ ಮೊದಲ ಪ್ರಶಸ್ತಿಪತ್ರ!

ಮಂಗಳವಾರ ನಾನೂ ನನ್ನ ಅಮ್ಮನೂ ಅಡುಗೆಮನೆಯಲ್ಲಿ ಜಾಮ್ ಬಾಟಲಿಯ ಎದುರು ಕುಳಿತಿದ್ದೆವು. ಇಬ್ಬರಿಗೂ ಸಕ್ಕರೆ ಕಾಯಿಲೆ, ಇಬ್ಬರಿಗೂ ಒಂದೊಂದು ಚಮಚ. ಇದು ವರ್ಷಗಳಿಂದ ನಡೆದುಬಂದ ಗುಪ್ತ ಒಪ್ಪಂದ. ತಿರುವಿನಲ್ಲಿ ಬ್ರೇಕಿನ ಕಿರುಚಾಟ ಕೇಳಿದೊಡನೆ ಬಾಟಲಿ ಅಟ್ಟಕ್ಕೆ, ಚಮಚ ನೀರಿಗೆ, ಅಮ್ಮ ಹಾಸಿಗೆಗೆ.

"ಇವತ್ಯಾಕೋ ಇನ್ನೂ ಬಂದಿಲ್ವಲ್ಲೋ," ಎಂದಳು ಅಮ್ಮ, ನಾಲ್ಕನೇ ಚಮಚ ನೆಕ್ಕುತ್ತಾ.

"ಬಂದು ಐದು ನಿಮಿಷ ಆಯ್ತು, ಅತ್ತೆ."

ಬಾಗಿಲಲ್ಲಿ ಹೆಂಡತಿ! ನನ್ನ ಬಾಯಲ್ಲಿದ್ದ ಚಮಚ ಅಲ್ಲೇ ಉಳಿಯಿತು.

"ನೀವು ಮಾಡಿದ ಬ್ರೇಕ್ ಬಹಳ ಚೆನ್ನಾಗಿ ಹಿಡೀತಿದೆ ಕಣ್ರೀ. ಒಂದೇ ಸಲಕ್ಕೆ ಇಬ್ಬರನ್ನ ಹಿಡೀತು."

ಅಮ್ಮ ಚಮಚ ಕೆಳಗಿಟ್ಟಳು. "ನೋಡಮ್ಮ, ಇವನು ತಿಂದುಬಿಡ್ತಾನೆ ಅಂತ ನಾನೇ ಖಾಲಿ ಮಾಡ್ತಿದ್ದೆ!"

ಹೆತ್ತ ತಾಯಿ!

ಹೆಂಡತಿ ಚೀಲದಿಂದ ಸಕ್ಕರೆ ಅಳೆಯುವ ಯಂತ್ರ ತೆಗೆದು, ಸೂಜಿ ಸಿದ್ಧಮಾಡಿಕೊಂಡಳು.

"ಯಾರು ಮೊದಲು?"

ಅಮ್ಮ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ಮುಂದಕ್ಕೆ ಚಾಚಿದಳು.